ಕೊಂಬಕ್ಕ ತಿದ್ದಿದ ಮೋಕ್ಷ

ಆ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೂತು ನರ್ಸುಗಳ ಕೈಬರಹವನ್ನು ಕಂಪ್ಯೂಟರಿಗೆ ಏರಿಸುವ ಹೆಂಗಸಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಹಾಜರಿ ಪುಸ್ತಕವನ್ನು ಬಿಟ್ಟರೆ ಅದು ಎಲ್ಲೂ ಬಳಕೆಯಲ್ಲಿರಲಿಲ್ಲ. ಬಾಗಿಲು ಕಾಯುವವನಿಂದ ಹಿಡಿದು ದೊಡ್ಡ ಡಾಕ್ಟರ ತನಕ ಎಲ್ಲರ ಬಾಯಲ್ಲೂ ಅವಳು ಕೊಂಬಕ್ಕ. ಇದು ಅವಳು ತಾನಾಗಿ ಸಂಪಾದಿಸಿಕೊಂಡ ಹೆಸರು. ಕೆಲಸಕ್ಕೆ ಸೇರಿದ ವಾರವೇ ಒಂದು ಕೇಸ್ ಶೀಟು ಬಂತು: ‘ರೋಗಿಯ ಬಾಯಲ್ಲಿ ಹಣ್ಣು, ನುಂಗಲು ಕಷ್ಟ.’ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದಳು. ಹಾಳೆ ಹಿಡಿದು ನೇರ ವಾರ್ಡಿಗೆ ನಡೆದಳು.

“ಯಾರಮ್ಮ ಇದನ್ನ ಬರೆದೋರು? ಹುಣ್ಣಿನ ಕೊಂಬು ಎಲ್ಲಿ ಹೋಯ್ತು? ಬಾಯಲ್ಲಿ ಹಣ್ಣಿದ್ರೆ ಅಗಿದು ನುಂಗ್ತಾನೆ, ಆಸ್ಪತ್ರೆಗೆ ಯಾಕೆ ಬರ್ತಾನೆ?”

ಮರುದಿನ ಇನ್ನೊಂದು ಬಂತು: ‘ಎಡ ಕವಿಯಲ್ಲಿ ಕೀವು.’ ಕಿವಿಯ ಗುಡಿಸು ಬಿಟ್ಟುಹೋಗಿತ್ತು. “ಕವಿಗಳಿಗೆ ಕೀವಾಗೋದೇನು ದೊಡ್ಡ ವಿಷಯ ಅಲ್ಲ. ಎಡ ಕವಿ ಯಾರು, ಬಲ ಕವಿ ಯಾರು, ಅಷ್ಟು ಹೇಳ್ಬಿಡಿ,” ಎಂದಳು. ವಾರ್ಡಿಗೆ ವಾರ್ಡೇ ನಕ್ಕಿತು. ಕೊಂಬಿಗಾಗಿ ಜಗಳ ತೆಗೆಯುವ ಅಕ್ಕ ಅಂದಿನಿಂದ ಕೊಂಬಕ್ಕ ಆದಳು. “ಇವಳಿಗೇನು ತಲೆ ಮೇಲೆ ಎರಡು ಕೊಂಬಿದೆಯಾ?” ಎಂದು ಬೆನ್ನ ಹಿಂದೆ ಉರಿದುಕೊಂಡವರೂ ಉಂಟು. ಆ ಮಾತು ಕಿವಿಗೆ ಬಿದ್ದಾಗ, “ಇದೆ. ನೀವು ಬಿಟ್ಟಿದ್ದನ್ನೆಲ್ಲ ನಾನೇ ಇಟ್ಕೊಂಡಿದ್ದೀನಿ,” ಎಂದುಬಿಟ್ಟಳು.

ದಾಖಲೆ ಕೋಣೆ ಇರುವುದು ಎಕ್ಸ್‌ರೇ ಕೋಣೆಯ ಹಿಂದೆ, ಮೂರು ಮೆಟ್ಟಿಲು ಇಳಿದು. ಇರುವುದೊಂದೇ ಕಿಟಕಿ. ಅದರಾಚೆ ಆಸ್ಪತ್ರೆಯ ಹೊದಿಕೆಗಳು ಹಗ್ಗದ ಮೇಲೆ ಸಾಲಾಗಿ ಒಣಗುತ್ತಿರುತ್ತವೆ. ಒಳಗೆ ಸೂರಿನ ತನಕ ಕಬ್ಬಿಣದ ಕಪಾಟುಗಳು, ದಾರ ಬಿಗಿದ ರಟ್ಟಿನ ಕಡತಗಳು, ಹಳೆ ಕಾಗದದ ಘಾಟು. ವಾರ್ಡುಗಳಲ್ಲಿ ಕೈಯಿಂದ ಬರೆದ ಹಾಳೆಗಳು ದಿನಕ್ಕೆರಡು ಸಲ ಇಲ್ಲಿಗೆ ಬರುತ್ತವೆ. ಕೊಂಬಕ್ಕ ಅವನ್ನು ಟೈಪು ಮಾಡಿ, ಮುದ್ರಿಸಿ, ವಾಪಸು ಕಳಿಸುತ್ತಾಳೆ. ಡಾಕ್ಟರುಗಳು ಓದುವುದು ಅವಳು ಟೈಪು ಮಾಡಿದ್ದನ್ನೇ. ನರ್ಸುಗಳ ಕೈಬರಹ ಬಿಡಿಸಲು ಅವರಿಗೆ ಪುರುಸೊತ್ತೂ ಇಲ್ಲ, ತಾಳ್ಮೆಯೂ ಇಲ್ಲ. ಹಾಗಾಗಿ ಅವಳು ತಿದ್ದಿದ್ದೇ ಕೊನೆಯ ಮಾತು. ಹನ್ನೊಂದು ವರ್ಷದಲ್ಲಿ ಅವಳ ಹಾಳೆಯಲ್ಲಿ ತಪ್ಪು ಹಿಡಿದವರಿಲ್ಲ. ತಪ್ಪಿದ್ದರೆ ತಾನೆ ಹಿಡಿಯುವುದು ಎಂಬುದು ಅವಳ ಖಾತರಿ.

ತಿದ್ದುವ ಚಟ ಹತ್ತಿದ್ದು ಪ್ರೆಸ್ಸಿನಲ್ಲಿ. ಹತ್ತೊಂಬತ್ತನೇ ವಯಸ್ಸಿಗೆ ಗಲ್ಲಿಯೊಳಗಿನ ಒಂದು ಸಣ್ಣ ಮುದ್ರಣಾಲಯಕ್ಕೆ ಕರಡು ತಿದ್ದಲು ಸೇರಿದವಳು ಇಪ್ಪತ್ತನಾಲ್ಕು ವರ್ಷ ಅಲ್ಲೇ ಕೂತಳು. ಶಾಲೆಯ ಪುಸ್ತಕ, ಔಷಧಿಯ ಚೀಟಿ, ರೈಲಿನ ವೇಳಾಪಟ್ಟಿ, ಏನೇ ಬರಲಿ, ಅವಳ ಪೆನ್ನು ಮುಟ್ಟದೆ ಮುಂದೆ ಹೋಗುತ್ತಿರಲಿಲ್ಲ. “ಇವಳ ಕಣ್ಣು ತಪ್ಪಿಸಿ ಒಂದು ಸೊನ್ನೆಯೂ ಹೊರಗೆ ಹೋಗಲ್ಲ,” ಎಂದು ಮಾಲೀಕರು ಬಂದವರಿಗೆಲ್ಲ ಹೇಳುತ್ತಿದ್ದರು. ಪ್ರೆಸ್ಸು ಮುಚ್ಚಿದ ದಿನ ಯಂತ್ರಗಳನ್ನು ಲಾರಿಗೆ ಏರಿಸುವುದನ್ನು ನೋಡುತ್ತ ಅತ್ತಳು. ಅಳುತ್ತಳುತ್ತಲೇ ಲಾರಿಯ ಹಿಂಬದಿಯ ‘ಹರನ್ ಮಾಡಿ’ ಕಣ್ಣಿಗೆ ಬಿದ್ದು, “ಹಾರನ್‌ಗೆ ದೀರ್ಘ ಇಲ್ವಲ್ಲಪ್ಪ,” ಎಂದು ಡ್ರೈವರನ್ನು ತಡೆದಳು. ಜಾತಿ ಬುದ್ಧಿ ಎಲ್ಲಿ ಹೋಗುತ್ತದೆ, ಕರಡು ತಿದ್ದುವವರದೂ ಒಂದು ಜಾತಿಯೇ.

ಗಂಡ ನಿವೃತ್ತ ಬಸ್ ಕಂಡಕ್ಟರು. ಹೆಂಡತಿಯನ್ನು ರೇಗಿಸುವುದೇ ಅವನ ಈಗಿನ ನೌಕರಿ. ಹೊರಗೆ ಹೋಗುವಾಗ ಬಾಗಿಲಿಗೆ ಚೀಟಿ ಅಂಟಿಸಿ ಹೋಗುತ್ತಾನೆ: ‘ಹಲು ಕಸಿದ್ದೇನೆ, ತರಕರಿ ತರುತೇನೆ.’ ಬೇಕೆಂದೇ ಹಾಗೆ ಬರೆಯುತ್ತಾನೆಂದು ಅವಳಿಗೆ ಗೊತ್ತು. ಗೊತ್ತಿದ್ದೂ ಪೆನ್ನು ತೆಗೆದು ನಾಲ್ಕೂ ತಪ್ಪು ತಿದ್ದಿಯೇ ಒಳಗೆ ಕಾಲಿಡುತ್ತಾಳೆ. ತಿದ್ದದೆ ಒಳಗೆ ಹೋದರೆ ಅನ್ನ ಸೇರುವುದಿಲ್ಲ.

ಇಂಥವಳ ಮೇಜಿಗೆ ಒಂದು ಸೋಮವಾರ ಮಧ್ಯಾಹ್ನ ಮೂರನೇ ವಾರ್ಡಿನಿಂದ ಹೊಸ ಹಾಳೆ ಬಂತು. ರೋಗಿ ರಷ್ಯದ ಹೆಂಗಸು, ವಯಸ್ಸು ಎಪ್ಪತ್ತೆಂಟು. ಹಡಗಿನ ಎಂಜಿನಿಯರಾಗಿರುವ ಮಗನ ಮನೆಗೆ ಬಂದಿದ್ದಳು. ಮಗ ಕೆಲಸಕ್ಕೆಂದು ಸಮುದ್ರಕ್ಕೆ ಹೋದ ಮೇಲೆ ಒಬ್ಬಳೇ ಇದ್ದವಳು ಮೆಟ್ಟಿಲಲ್ಲಿ ಜಾರಿ ಸೊಂಟದ ಕೀಲು ಮುರಿದುಕೊಂಡಿದ್ದಾಳೆ. ಪಕ್ಕದ ಮನೆಯವರು ಸೇರಿಸಿ ಹೋಗಿದ್ದಾರೆ. ಹಡಗಿಗೆ ಸುದ್ದಿ ಕಳಿಸಿದೆ, ಉತ್ತರವಿಲ್ಲ. ಜ್ವರ ಇದೆ. ಕೆಳಗಡೆ ಹೊಸ ನರ್ಸಿನ ಕೋಳಿ ಕೆದರಿದ ಅಕ್ಷರದಲ್ಲಿ ಒಂದು ಸಾಲು: ‘ಭಾಷೆ ತಿಳಿಯದು. ಮೊಕ್ಷೆನ್ ಕ್ಯಾಲ್ ಎಂದು ಪದೇ ಪದೇ ಹೇಳುತ್ತಾರೆ.’

ಕೊಂಬಕ್ಕ ಲೊಚಗುಟ್ಟಿದಳು. ಒಂದು ಸಾಲಿನಲ್ಲಿ ಮೂರು ತಪ್ಪು! ಮೋಕ್ಷಕ್ಕೆ ದೀರ್ಘ ಇಲ್ಲ. ಕೇಳು ಎನ್ನುವುದನ್ನು ಕ್ಯಾ ಎಂದು ಬರೆದಿದ್ದಾಳೆ. ಅದೂ ಸಾಲದೆಂದು ಳಕಾರ ಹೋಗಿ ಲಕಾರ ಬಂದಿದೆ. ಈಗಿನ ಹುಡುಗಿಯರಿಗೆ ಹಲ್ಲಿಗೂ ಹಳ್ಳಿಗೂ ವ್ಯತ್ಯಾಸ ಗೊತ್ತಿಲ್ಲ ಎಂದು ತನ್ನಷ್ಟಕ್ಕೆ ಗೊಣಗುತ್ತ ಟೈಪು ಮಾಡಿದಳು: ‘ಭಾಷೆ ತಿಳಿಯದು. ಮೋಕ್ಷ ಬೇಕೆಂದು ಪದೇ ಪದೇ ಕೇಳುತ್ತಾರೆ.’ ಸಾಲು ಈಗ ಸೊಗಸಾಗಿ ಕೂತಿತು. ಮುದ್ರಿಸಿ ಕಳಿಸಿ ಡಬ್ಬಿ ಬಿಚ್ಚಿ ಊಟ ಮಾಡಿದಳು.

ಬುಧವಾರ ಮಧ್ಯಾಹ್ನ ಅದೇ ಕಡತ ವಾಪಸು ಬಂತು. ಮೇಲೆ ಮೂಳೆ ಡಾಕ್ಟರ ಟಿಪ್ಪಣಿ: ರೋಗಿ ಚಿಕಿತ್ಸೆಯನ್ನು ಬಯಸುತ್ತಿಲ್ಲ ಎಂದು ದಾಖಲಾಗಿದೆ, ನಿನ್ನೆಯಿಂದ ಊಟವನ್ನೂ ದೂಡುತ್ತಿದ್ದಾರೆ, ಒಪ್ಪಿಗೆ ಕೊಡಬಲ್ಲ ಸಂಬಂಧಿಕರು ಸಿಕ್ಕಿಲ್ಲ, ಇಚ್ಛೆಗೆ ವಿರುದ್ಧವಾಗಿ ಶಸ್ತ್ರಚಿಕಿತ್ಸೆ ಮಾಡಲಾಗದು, ಈ ದಿನ ಸಂಜೆ ನಾಲ್ಕಕ್ಕೆ ಸಭೆ ಸೇರಿ, ನೋವು ಕಡಿಮೆ ಮಾಡುವ ವಾರ್ಡಿಗೆ ಸಾಗಿಸುವ ನಿರ್ಧಾರ ಮಾಡತಕ್ಕದ್ದು.

ಕಡತ ತಂದ ಹೊಸ ನರ್ಸಿನ ಕಣ್ಣು ಕೆಂಪಾಗಿತ್ತು. “ಆಸ್ಪತ್ರೆ ತುಂಬ ಅದೇ ಮಾತು ಅಕ್ಕಾ. ಮೋಕ್ಷದ ಅಜ್ಜಿ, ಮೋಕ್ಷದ ಅಜ್ಜಿ ಅಂತ ಬೇರೆ ವಾರ್ಡೋರೆಲ್ಲ ಬಂದು ನೋಡಿ ಹೋಗ್ತಿದ್ದಾರೆ. ಎಲ್ಲೋ ಗುರುಗಳ ಹತ್ರ ಕಲಿತಿರಬೇಕು, ನಮ್ಮ ಮಾತಲ್ಲಿ ಆ ಒಂದು ಪದ ಬಿಟ್ಟು ಬೇರೇನೂ ಬರಲ್ಲ. ನೀವು ತಿದ್ದಿದ್ದು ನೋಡಿದ ಮೇಲೇ ನನಗೂ ಹೊಳೆದಿದ್ದು. ಎಂಥ ಜೀವ ಅಲ್ವಾ? ಮೂಳೆ ಡಾಕ್ಟ್ರು ಮಾತ್ರ ಒದ್ದಾಡ್ತಿದ್ದಾರೆ. ಒಂದು ಗಂಟೆ ಕೆಲಸ, ಆಪರೇಷನ್ ಮಾಡಿದ್ರೆ ಎದ್ದು ಓಡಾಡ್ತಾರೆ, ಹೀಗೇ ಮಲಗಿದ್ರೆ ಎದೆಯಲ್ಲಿ ಕಫ ಕಟ್ಕೊಂಡು ವಾರದಲ್ಲಿ ಮುಗೀತು ಅಂತಾರೆ.”

“ರಷ್ಯನ್ ಬಲ್ಲೋರು ಯಾರೂ ಇಲ್ವೇನೆ?”

“ನಮ್ಮ ಹಲ್ಲಿನ ಡಾಕ್ಟ್ರು ಅಲ್ಲೇ ಓದಿದ್ದಲ್ವಾ? ಸೋಮವಾರನೇ ಬಂದಿದ್ರು. ಎರಡು ಮಾತಿಗೆ ಹೂಂ ಅಂದ್ರು ಅಜ್ಜಿ, ಆಮೇಲೆ ಏನೇನೋ ಶುರು ಮಾಡಿದ್ರು. ಇದು ರಷ್ಯನ್ ಅಲ್ಲ, ಜ್ವರದ ಬಡಬಡಿಕೆ ಅಂತ ಹೇಳಿ ಹೋದ್ರು.”

ಕೊಂಬಕ್ಕನಿಗೆ ಸಂಕಟವಾಯಿತು, ಸುಳ್ಳಲ್ಲ. ಆದರೆ ಸಂಕಟದ ಪಕ್ಕದಲ್ಲೇ ಒಂದು ಕುತೂಹಲ ಹೆಡೆ ಎತ್ತಿತು. ನಮ್ಮ ಭಾಷೆಯ ಒಂದೇ ಒಂದು ಪದ ಕಲಿತವಳು, ಅದೂ ಅಷ್ಟು ದೊಡ್ಡ ಪದ, ಅದನ್ನು ಹೇಗೆ ಉಚ್ಚರಿಸುತ್ತಾಳೆ? ಕ್ಷಕಾರ ಸರಿಯಾಗಿ ಹೊರಡುತ್ತದೆಯೇ? ಇದೊಂದು ಕೇಳಿ ಬರದಿದ್ದರೆ ದಿನವೆಲ್ಲ ಕೆಲಸದಲ್ಲಿ ಮನಸ್ಸು ನಿಲ್ಲದು. ಕೋಣೆಗೆ ಬೀಗ ಹಾಕಿ ಹೊರಟಳು.

ಮೂರನೇ ವಾರ್ಡಿನ ಕೊನೆಯ ಮಂಚ. ಅಜ್ಜಿ ದೊಡ್ಡ ಮೈಕಟ್ಟಿನವಳು, ಅಗಲ ಮುಖ, ಕೆಲಸ ಮಾಡಿ ಮಾಡಿ ಗಂಟುಗಟ್ಟಿದ ಬೆರಳುಗಳು. ತಲೆದಿಂಬಿನ ಪಕ್ಕ ಮುಟ್ಟದ ಊಟದ ತಟ್ಟೆ. ಮಂಚದ ಸುತ್ತ ನಾಲ್ಕೈದು ಜನ ಪಿಸುಮಾತಿನಲ್ಲಿ ನಿಂತಿದ್ದರು. ಒಬ್ಬ ಆಯಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಕೊಂಬಕ್ಕ ಅವರನ್ನೆಲ್ಲ ಸರಿಸಿ ಮುಂದೆ ಹೋದಳು.

ಅಜ್ಜಿ ಹೊಸ ಮುಖ ನೋಡಿದವಳೇ ಮೊಣಕೈ ಊರಿ ಏಳಲು ನೋಡಿದಳು. “ಮೊಕ್ಷೆನ್ ಕ್ಯಾಲ್?” ಎಂದಳು. ದನಿ ಪ್ರಶ್ನೆಯ ಹಾಗಿತ್ತು.

ಮೊ! ಹ್ರಸ್ವ! ಅಂದರೆ ನರ್ಸು ಕಿವಿಗೆ ಬಿದ್ದದ್ದನ್ನೇ ಬರೆದಿದ್ದಳು. ಪಾಪ, ಹುಡುಗಿಯನ್ನು ಸುಮ್ಮನೆ ಬೈದೆ. ಆದರೆ ಕೊಂಬಕ್ಕನ ನಾಲಿಗೆ ಅಷ್ಟಕ್ಕೇ ಸುಮ್ಮನಿದ್ದೀತೇ? ಸಾಯಲು ಮಲಗಿದ್ದಾಳೆ ಎಂದು ಊರೇ ನಂಬಿದ್ದ ಮುದುಕಿಯ ಉಚ್ಚಾರಣೆ ತಿದ್ದಲು ನಿಂತುಬಿಟ್ಟಳು.

“ಮೊ ಅಲ್ಲಮ್ಮ. ಮೋ. ಮೋ...ಕ್ಷ. ಎಳೀಬೇಕು. ಮೋ.”

ಅಜ್ಜಿ ಅವಳ ಬಾಯನ್ನೇ ದಿಟ್ಟಿಸಿದಳು. ಹುಬ್ಬು ಗಂಟಾಯಿತು. ತಲೆಯನ್ನು ಜೋರಾಗಿ ಅಡ್ಡಡ್ಡ ಆಡಿಸಿ, “ಮೊ!” ಎಂದಳು. “ಮೊಕ್ಷ!”

“ಮೋಕ್ಷ.”

“ಮೊಕ್ಷ!” ಅಜ್ಜಿ ಮಂಚದ ಪಟ್ಟಿಗೆ ಅಂಗೈ ಬಡಿದಳು. ತಟ್ಟೆಯ ಚಮಚ ಕೆಳಗೆ ಬಿತ್ತು. ಸುತ್ತ ನಿಂತವರು, “ಅಯ್ಯೋ, ಏನಕ್ಕಾ ಇದು, ಈ ಹೊತ್ತಲ್ಲೂ ನಿಮ್ಮ ವ್ಯಾಕರಣವಾ?” ಎಂದು ಅವಳ ಸೆರಗು ಎಳೆದರು. ಅಜ್ಜಿಯ ಗಮನ ಬೇರೆಡೆ ಹೋಗಲಿಲ್ಲ. ನಾಲಿಗೆಯನ್ನು ಉದ್ದಕ್ಕೆ ಹೊರಚಾಚಿ, ಅದಕ್ಕೆ ಬೆರಳು ಮುಟ್ಟಿಸಿ, ಒಳಗೆಳೆದುಕೊಂಡು, “ಕ್ಯಾಲ್,” ಎಂದಳು. ಮತ್ತೆ ಚಾಚಿದಳು, ಮತ್ತೆ ಮುಟ್ಟಿದಳು. “ಕ್ಯಾಲ್. ಮೊಕ್ಷೆನ್ ಕ್ಯಾಲ್.”

“ನೋಡಿ, ಬಾಯಾರಿಕೆ,” ಎಂದಳು ಆಯಾ. “ನಿನ್ನೆಯಿಂದ ಹೀಗೇ ನಾಲಿಗೆ ಹಾಕ್ತಾರೆ, ನೀರು ಕೊಟ್ರೆ ಕುಡಿಯಲ್ಲ.”

ಕೊಂಬಕ್ಕನಿಗೆ ಆಯಾಳ ಮಾತು ಕೇಳಿಸಲಿಲ್ಲ. ಅವಳ ತಲೆಯಲ್ಲಿ ಬೇರೆಯೇ ಒಂದು ಲೆಕ್ಕ ನಡೆದಿತ್ತು. ಮೂವತ್ತೈದು ವರ್ಷ ಜನರನ್ನು ತಿದ್ದಿದವಳು ಅವಳು. ತಪ್ಪು ಹೇಳಿದವರನ್ನು ತಿದ್ದಿದರೆ ಎರಡೇ ದಾರಿ: ನಾಚಿಕೊಂಡು ತಿದ್ದಿಕೊಳ್ಳುತ್ತಾರೆ, ಇಲ್ಲವೇ ಸಿಟ್ಟಾಗಿ ‘ಅದೇ ಅಲ್ವಾ ನಾನಂದಿದ್ದು’ ಎನ್ನುತ್ತಾರೆ. ತಿದ್ದಲು ಬಂದವಳನ್ನೇ ಕೂರಿಸಿಕೊಂಡು ತಿದ್ದುವವರು ಯಾರು? ಆ ಪದ ಸ್ವಂತದ್ದಾದವರು ಮಾತ್ರ. ಈ ಮುದುಕಿ ನಮ್ಮ ಪದವನ್ನು ತಪ್ಪು ಹೇಳುತ್ತಿಲ್ಲ. ತನ್ನ ಪದವನ್ನು ಸರಿಯಾಗಿ ಹೇಳುತ್ತಿದ್ದಾಳೆ. ಹಾಗಾದರೆ ಏನದು?

‘ಮೊ’ ಎಂದು ಶುರುವಾಗುವ ಮೊಕ್ಷ. ಎಲ್ಲೋ ಕಂಡಂತಿದೆ. ಎಲ್ಲಿ? ಅಜ್ಜಿಯ ಕೈಯನ್ನು ಒಮ್ಮೆ ಒತ್ತಿ, “ಬಂದೆ, ಇರಿ, ಬಂದೆ,” ಎಂದು ತನ್ನ ಭಾಷೆಯಲ್ಲೇ ಹೇಳಿ ವಾರ್ಡಿನಿಂದ ಹೊರಬಿದ್ದಳು. ಮೆಟ್ಟಿಲಿಳಿಯುವಾಗ ನೆನಪಾಯಿತು. ನೆನಪಾದದ್ದೇ ಮನೆಯ ಕಡೆ ಓಡಿದಳು.

ಮನೆ ಎರಡು ರಸ್ತೆ ಆಚೆ. ಏದುಸಿರು ಬಿಡುತ್ತ ಬಂದ ಹೆಂಡತಿಯನ್ನು ನೋಡಿ ಕಂಡಕ್ಟರು ಓದುತ್ತಿದ್ದ ಪೇಪರು ಮಡಿಸಿದ.

“ಏನೇ ಇದು, ಮಧ್ಯಾಹ್ನದ ಟ್ರಿಪ್ ಬೇರೆ ಶುರು ಮಾಡಿದ್ಯಾ?”

“ರೀ, ಪ್ರೆಸ್ಸಿನ ಜ್ಞಾನಕೋಶ ಎಲ್ಲಿ?”

“ಅಟ್ಟದ ಮೇಲೆ. ಯಾಕೆ, ಯಾರಾದ್ರೂ ಜ್ಞಾನ ಕೇಳಿದ್ರಾ?”

ಪ್ರೆಸ್ಸಿನ ಮಾಲೀಕರು ಒಂದು ಕಾಲಕ್ಕೆ ಹುಮ್ಮಸ್ಸಿನಲ್ಲಿ ಮನೆಮನೆಗೆಂದು ಒಂದು ಜ್ಞಾನಕೋಶ ತಂದಿದ್ದರು. ಇನ್ನೂರು ಪ್ರತಿ ಮಾರಿ ಸುಸ್ತಾಗಿ ನಿಲ್ಲಿಸಿದ್ದರು. ಕೊಂಬಕ್ಕ ಇಪ್ಪತ್ತೆರಡರ ಹುಡುಗಿಯಾಗಿದ್ದಾಗ ಅದರ ಅಕ್ಷರ ಅಕ್ಷರ ತಿದ್ದಿದ್ದಳು. ಗಂಡ ಸ್ಟೂಲು ಹತ್ತಿ ಪುಸ್ತಕ ಇಳಿಸಿಕೊಟ್ಟ. ಅವಳು ನಿಂತೇ ಹಾಳೆ ತಿರುವಿ ‘ಮೋಕ್ಷ’ ಹುಡುಕಿ ಗಟ್ಟಿಯಾಗಿ ಓದಿದಳು:

‘ಮೋಕ್ಷ: ಜೀವನು ಹುಟ್ಟುಸಾವುಗಳ ಕಟ್ಟಿನಿಂದ ಪಡೆಯುವ ಬಿಡುಗಡೆ. ನಾಲ್ಕು ಪುರುಷಾರ್ಥಗಳಲ್ಲಿ ಕೊನೆಯದು. ಇದು ಉರಾಲಿಕ್ ಕುಟುಂಬಕ್ಕೆ ಸೇರಿದೆ. ಹತ್ತಕ್ಕಿಂತ ಹೆಚ್ಚು ವಿಭಕ್ತಿಗಳಿವೆ. ಹಳ್ಳಿಗಳಲ್ಲಿ ಚೆನ್ನಾಗಿ ಉಳಿದುಕೊಂಡಿದ್ದು, ಪಟ್ಟಣ ಸೇರಿದವರು ಇದನ್ನು ಬೇಗ ಮರೆಯುತ್ತಾರೆ.’

ಕಂಡಕ್ಟರು ತಲೆದೂಗಿದ. “ಎಷ್ಟು ಚೆನ್ನಾಗಿದೆ ನೋಡು. ಪಟ್ಟಣ ಸೇರಿದೋರು ಬೇಗ ಮರೀತಾರೆ. ನಿಜ ಅಲ್ವಾ?”

“ನಿಮ್ಮ ತಲೆ! ಇದು ಒಂದಲ್ಲ ರೀ, ಎರಡು!” ಕೊಂಬಕ್ಕ ಕುರ್ಚಿಯಲ್ಲಿ ಕುಸಿದಳು. “ಮೋಕ್ಷ ಅಂತ ಒಂದಿತ್ತು, ಅದಕ್ಕಿಂತ ಎಷ್ಟೋ ಮುಂಚೆ ಮೊಕ್ಷ ಅಂತ ಇನ್ನೊಂದಿತ್ತು. ಬರೆದೋರು ದೀರ್ಘ ಬಿಟ್ಟಿದ್ದಾರೆ ಅಂದ್ಕೊಂಡು ನಾನೇ ಹಾಕಿ, ಮೋಕ್ಷದ ಕೆಳಕ್ಕೆ ಸರಿಸಿದೆ. ಆಮೇಲೆ ಒಂದೇ ಹೆಸರು ಎರಡು ಸಲ ಬಂತಲ್ಲ ಅಂತ ಎರಡನೇ ತಲೆಬರಹ ಹೊಡೆದು ಹಾಕಿ ಎರಡನ್ನೂ ಸೇರಿಸಿಬಿಟ್ಟೆ.”

ಆಗ ಅದು ಯಾರಿಗೂ ವಿಚಿತ್ರವೆನಿಸಿರಲಿಲ್ಲ. ಉರಾಲಿಕ್ ಅಂದರೆ ಏನೆಂದು ಅವಳು ಕೇಳಿದ್ದಳು. ಯಾವುದೋ ಹಳೆಯ ಪಂಥ ಇರಬೇಕು ಎಂದಿದ್ದರು ಮಾಲೀಕರು. ಮೋಕ್ಷಕ್ಕೆ ಹತ್ತಕ್ಕಿಂತ ಹೆಚ್ಚು ವಿಭಕ್ತಿ ಎಂಬ ಮಾತು ಎಷ್ಟು ಆಳವಾಗಿದೆ ಎಂದು ಮೆಚ್ಚಿ ಓದುಗರ ಕಾಗದವೂ ಒಂದು ಬಂದಿತ್ತು. ಅದನ್ನು ಪ್ರೆಸ್ಸಿನ ಗೋಡೆಗೆ ಅಂಟಿಸಿದ್ದರು. ಈಗ ಕೊಂಬಕ್ಕ ‘ಉ’ ಅಕ್ಷರಕ್ಕೆ ಹಾಳೆ ತಿರುವಿದಳು. ‘ಉರಾಲಿಕ್: ಫಿನ್ನಿಶ್, ಹಂಗೇರಿಯನ್ ಮೊದಲಾದ ಭಾಷೆಗಳ ಮನೆತನ. ಇದರ ಕೆಲವು ಭಾಷೆಗಳನ್ನು ರಷ್ಯದ ಒಳನಾಡಿನಲ್ಲಿ ಆಡುತ್ತಾರೆ.’ ಇದನ್ನೂ ಅವಳೇ ತಿದ್ದಿದ್ದಳು. ಉ ತಿದ್ದಿದಾಗ ಮ ಇನ್ನೂ ಬಂದಿರಲಿಲ್ಲ, ಮ ಬರುವ ಹೊತ್ತಿಗೆ ಉ ಮರೆತಿತ್ತು. ಕರಡು ತಿದ್ದುವವರ ಹಣೆಬರಹವೇ ಅದು. ಕಾಗುಣಿತ ನೋಡುತ್ತಾರೆ, ಮಾತು ನೋಡುವುದಿಲ್ಲ.

ಮೊಕ್ಷ ಒಂದು ಭಾಷೆ. ಕ್ಯಾಲ್ ಎಂದರೆ ನಾಲಿಗೆ. ನಾಲಿಗೆ ಎಂದರೆ ಮಾತು. ಅಜ್ಜಿ ಮೂರು ದಿನದಿಂದ ಮಂಚದ ಬಳಿ ಬಂದವರನ್ನೆಲ್ಲ ಕೇಳುತ್ತಿದ್ದುದು ಇಷ್ಟೇ: ಮೊಕ್ಷ ಮಾತು ಬರುತ್ತದೆಯೇ?

“ರೀ, ನಾನು ಅವರನ್ನ ಸಾಯಿಸ್ತಿದ್ದೀನಿ,” ಎಂದಳು ಕೊಂಬಕ್ಕ. “ಆ ಹುಡುಗಿ ಸರಿಯಾಗೇ ಬರೆದಿದ್ಲು. ನಾನೇ ತಿದ್ದಿದೆ. ಆಗಲೂ ತಿದ್ದಿದೆ, ಈಗಲೂ ಅದನ್ನೇ ತಿದ್ದಿದೆ.” ಅಜ್ಜಿಯ ಸಂಗತಿ, ನಾಲ್ಕರ ಸಭೆ, ಎಲ್ಲವನ್ನೂ ಅಳುತ್ತಲೇ ಹೇಳಿದಳು.

ಕಂಡಕ್ಟರು ಈ ಸಲ ರೇಗಿಸಲಿಲ್ಲ. ಗೋಡೆಯ ಗಡಿಯಾರ ನೋಡಿದ. “ಮೂರು ಗಂಟೆ. ನಾಲ್ಕಕ್ಕೆ ತಾನೆ ಸಭೆ? ಅಳೋದನ್ನ ಆಮೇಲೆ ಇಟ್ಕೋ. ಏಳು, ಪುಸ್ತಕ ನಾನು ಹೊರ್ತೀನಿ.”

ಮೂಳೆ ಡಾಕ್ಟರು ತಮ್ಮ ಕೋಣೆಯಲ್ಲಿ ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ಕೂತಿದ್ದರು. ಪಕ್ಕದ ಕುರ್ಚಿಯಲ್ಲಿ ಹಲ್ಲಿನ ಡಾಕ್ಟರು, ಸಭೆಗೆಂದು ಬಂದವರು. ಕೊಂಬಕ್ಕ ಬಾಗಿಲು ತಟ್ಟದೆ ಒಳಗೆ ಹೋದದ್ದು ಅದೇ ಮೊದಲು. ಹೊಸ ನರ್ಸಿನ ಕೈಬರಹದ ಹಾಳೆ, ತಾನು ಟೈಪು ಮಾಡಿದ ಹಾಳೆ, ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಜ್ಞಾನಕೋಶ ಬಿಚ್ಚಿ ಅದರ ಪಕ್ಕ ಇಟ್ಟಳು.

“ಸರ್, ಇದು ಅವರು ಅಂದಿದ್ದು. ಇದು ನಾನು ತಿದ್ದಿದ್ದು. ಅವರು ಮೋಕ್ಷ ಕೇಳ್ತಿಲ್ಲ. ಮೊಕ್ಷ ಅನ್ನೋದು ಅವರ ಭಾಷೆ. ತಪ್ಪು ನನ್ನದು.”

ಮೂಳೆ ಡಾಕ್ಟರು ಒಮ್ಮೆ ಆ ಹಾಳೆ, ಒಮ್ಮೆ ಈ ಹಾಳೆ ನೋಡಿದರು. ಅವರ ಮುಖ ಕೆಂಪೇರಿತು. “ಒಂದು ದೀರ್ಘಕ್ಕೋಸ್ಕರ ಎರಡು ದಿನ ಹಾಳು ಮಾಡಿದ್ರಾ? ನಾನು ಆ ಹಾಳೆ ನಂಬಿಕೊಂಡು ಕೈಕಟ್ಟಿ ಕೂತಿದ್ದೆನಲ್ಲ!” ಎಂದು ಗುಡುಗಿದರು. ಕೊಂಬಕ್ಕ ತಲೆ ತಗ್ಗಿಸಿ ನಿಂತಳು. ಹನ್ನೊಂದು ವರ್ಷದಲ್ಲಿ ಅವಳನ್ನು ಯಾರೂ ಹೀಗೆ ಬೈದಿರಲಿಲ್ಲ. ಬೈದದ್ದು ಕಡಿಮೆಯಾಯಿತು ಎಂದೇ ಅವಳಿಗೆ ಅನಿಸುತ್ತಿತ್ತು.

ಹಲ್ಲಿನ ಡಾಕ್ಟರು ಹಣೆ ಚಚ್ಚಿಕೊಂಡರು. “ಮೊಕ್ಷ! ನನ್ನ ಬುದ್ಧಿಗಿಷ್ಟು! ನಮ್ಮ ಕ್ಲಾಸಲ್ಲೇ ಇಬ್ಬರು ಇದ್ರು ಆ ಜನ. ಈ ವಯಸ್ಸಿನೋರಿಗೆ ರಷ್ಯನ್ ಅಂದ್ರೆ ಸ್ಕೂಲಲ್ಲಿ ಕಲಿತ ಮಾತು. ಜ್ವರ, ನೋವು, ಗಾಬರಿ, ಎಲ್ಲ ಸೇರಿದ್ರೆ ಕಲಿತಿದ್ದೆಲ್ಲ ಉದುರಿಹೋಗಿ ಅಮ್ಮನ ಮಾತೊಂದೇ ಉಳಿಯುತ್ತೆ. ಇರಿ, ಇರಿ, ಒಬ್ಬನ ನಂಬರ್ ಇದೆ.”

ಆಮೇಲಿನ ಅರ್ಧ ಗಂಟೆ ಕೊಂಬಕ್ಕನ ಜೀವಮಾನದಲ್ಲೇ ಉದ್ದದ ಅರ್ಧ ಗಂಟೆ. ಹಳೆಯ ಸಹಪಾಠಿ ಫೋನೆತ್ತಲಿಲ್ಲ. ಇನ್ನೊಬ್ಬ ಎತ್ತಿದ, ಅವನಿಗೆ ಮೊಕ್ಷ ಬರುತ್ತಿರಲಿಲ್ಲ. ಅವನ ಅಮ್ಮನಿಗೆ ಬರುತ್ತಿತ್ತು, ಆಕೆಗೆ ಕಿವಿ ಕೇಳಿಸುತ್ತಿರಲಿಲ್ಲ. ಆ ಅಮ್ಮನ ಓರಗಿತ್ತಿ ಒಂದು ಶಾಲೆಯಲ್ಲಿ ಅಡುಗೆಯವಳು, ಅವಳಿಗೆ ಎರಡೂ ಭಾಷೆ ನೀರು ಕುಡಿದ ಹಾಗೆ. ಮೂರೂ ಮುಕ್ಕಾಲಿಗೆ ಹಲ್ಲಿನ ಡಾಕ್ಟರ ಫೋನು ಹೊಡೆದುಕೊಂಡಿತು. ಎಲ್ಲರೂ ಮೂರನೇ ವಾರ್ಡಿಗೆ ಓಡಿದರು. ಪುಸ್ತಕ ಬಗಲಲ್ಲಿಟ್ಟುಕೊಂಡು ಕಂಡಕ್ಟರೂ ಹಿಂದೆ ಓಡಿದ.

ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಜನ ಬಂದರೂ ತಿರುಗಲಿಲ್ಲ, ಏನೂ ಕೇಳಲಿಲ್ಲ. ಹಲ್ಲಿನ ಡಾಕ್ಟರು ಫೋನನ್ನು ಅವಳ ತಲೆದಿಂಬಿನ ಮೇಲಿಟ್ಟು ಅದರ ದನಿ ಜೋರು ಮಾಡಿದರು. ಆ ಕಡೆಯಿಂದ ಅಡುಗೆಯವಳ ಒರಟು ದನಿ ಏನೋ ಒಂದು ಸಾಲು ಹೇಳಿತು.

ಅಜ್ಜಿ ಕಣ್ಣು ತೆರೆದಳು. ಫೋನನ್ನು ನೋಡಿದಳು, ಅದರ ಸುತ್ತ ನೋಡಿದಳು, ಒಳಗೆ ಯಾರಿದ್ದಾರೋ ಎಂಬಂತೆ ಕೈಗೆತ್ತಿಕೊಂಡು ಎರಡೂ ಕೈಯಲ್ಲಿ ಹಿಡಿದಳು. ಆಮೇಲೆ ಮಾತು ಶುರುವಾಯಿತು. ಕಟ್ಟೆ ಒಡೆದ ಹಾಗೆ ಅಂದರೆ ಅದು. ಅಡುಗೆಯವಳು ನಡುನಡುವೆ ಹೂಂಗುಟ್ಟುವುದಷ್ಟೇ ಕೇಳುತ್ತಿತ್ತು. ಒಂದು ಸಲ ಅವಳು ಮೂಗು ಸೇದಿದ್ದೂ ಕೇಳಿಸಿತು. ಕೊನೆಗೆ ಅವಳು ರಷ್ಯನ್ನಿನಲ್ಲಿ ಹೇಳಿದ್ದನ್ನು ಹಲ್ಲಿನ ಡಾಕ್ಟರು ತಲೆಬಾಗಿಸಿ ಕೇಳಿಕೊಂಡರು. ಕೇಳುತ್ತ ಅವರ ಮುಖ ಬದಲಾಯಿತು.

“ಆಪರೇಷನ್ ವಿಷಯ ಕೇಳಿದ್ರಾ?” ಎಂದರು ಮೂಳೆ ಡಾಕ್ಟರು.

“ಅದಕ್ಕೆ ಮುಂಚೆ ಅವರದೇ ಒಂದು ಪ್ರಶ್ನೆ ಇದೆಯಂತೆ.” ಹಲ್ಲಿನ ಡಾಕ್ಟರು ಕೊಂಬಕ್ಕನ ಕಡೆ ನೋಡದೆ ಹೇಳಿದರು. “ನಾನು ಸಾಯ್ತಿದ್ದೀನಾ ಅಂತ ಕೇಳ್ತಿದ್ದಾರೆ. ಸೋಮವಾರ ಎಲ್ಲರೂ ಓಡಾಡ್ತಿದ್ರು, ಕಾಲು ನೋಡ್ತಿದ್ರು. ನಿನ್ನೆಯಿಂದ ಯಾರೂ ಕಾಲು ಮುಟ್ಟಲ್ಲ. ಯಾರ್ಯಾರೋ ಬರ್ತಾರೆ, ಮೆತ್ತಗೆ ಮಾತಾಡ್ತಾರೆ, ಮುಖ ನೋಡಿ ಕಣ್ಣೊರೆಸ್ಕೊಂಡು ಹೋಗ್ತಾರೆ. ನನ್ನ ಕತೆ ಮುಗೀತು ಅಂತ ಗೊತ್ತಾಯ್ತು, ಹಾಗಾಗಿ ಊಟ ಬೇಡ ಅಂದೆ, ಅಂತಿದ್ದಾರೆ.”

ಅಜ್ಜಿ ಒಬ್ಬೊಬ್ಬರ ಮುಖವನ್ನೂ ಸರದಿಯಂತೆ ನೋಡುತ್ತಿದ್ದಳು.

“ಇಲ್ಲ ಅಂತ ಹೇಳಿ!” ಕೊಂಬಕ್ಕ ಹೆಚ್ಚುಕಡಿಮೆ ಕಿರುಚಿದಳು. “ಬೇಗ ಹೇಳಿ. ಇಲ್ಲ, ಇಲ್ಲ ಅಂತ ಹೇಳಿ. ಒಬ್ಬಳು ನಿಮ್ಮ ಮಾತನ್ನ ತಪ್ಪು ಬರೆದುಬಿಟ್ಲು, ಅದನ್ನ ಎಲ್ಲರೂ ನಂಬಿದ್ರು, ಅವಳು ನಾನೇ ಅಂತಾನೂ ಹೇಳಿ.”

“ಒಂದು ಗಂಟೆ ಕೆಲಸ, ನಾಳಿದ್ದು ಕೋಲು ಹಿಡ್ಕೊಂಡು ನಿಲ್ಲಿಸ್ತೀನಿ, ಒಪ್ಪಿಗೆ ಇದೆಯಾ ಅಂತ ಕೇಳಿ,” ಎಂದರು ಮೂಳೆ ಡಾಕ್ಟರು.

ಮಾತು ಹಲ್ಲಿನ ಡಾಕ್ಟರ ಬಾಯಿಂದ ಹೊರಟು, ಎಲ್ಲೋ ದೂರದ ಶಾಲೆಯೊಂದರ ಅಡುಗೆಮನೆಗೆ ಹೋಗಿ, ಅಲ್ಲಿಂದ ಬೇರೆ ವೇಷ ಹಾಕಿಕೊಂಡು ಮಂಚಕ್ಕೆ ವಾಪಸು ಬಂತು. ಕೊಂಬಕ್ಕ ಅಜ್ಜಿಯ ಮುಖದಿಂದ ಕಣ್ಣು ತೆಗೆಯಲಿಲ್ಲ. ಮೊದಲು ಹುಬ್ಬಿನ ಗಂಟು ಸಡಿಲವಾಯಿತು. ಆಮೇಲೆ ಕೆಳತುಟಿ ಅದುರಿತು. ಅಜ್ಜಿ ಅಂಗೈಯಿಂದ ಮುಖ ಉಜ್ಜಿಕೊಂಡು ಏನೋ ಗದರಿದಳು. ಹಲ್ಲಿನ ಡಾಕ್ಟರು ನಕ್ಕುಬಿಟ್ಟರು.

“ಹಾಗಿದ್ರೆ ಇಷ್ಟು ಜನ ಕಂಬದ ಹಾಗೆ ನಿಂತಿರೋದ್ಯಾಕೆ, ಕಾಲು ಸರಿ ಮಾಡಿ ಅಂತಿದ್ದಾರೆ.”

ಮೂಳೆ ಡಾಕ್ಟರು ಒಪ್ಪಿಗೆಯ ಕಾಗದ ತರಿಸಿದರು. ಅದರ ಒಂದೊಂದು ಸಾಲೂ ಫೋನಿನಲ್ಲಿ ಹೋಗಿ ಬಂತು. ಅಜ್ಜಿ ಎಲ್ಲವನ್ನೂ ಕೇಳಿ, ಎರಡು ಸಲ ಮರುಪ್ರಶ್ನೆ ಹಾಕಿ, ನಿಧಾನಕ್ಕೆ ದಪ್ಪ ಅಕ್ಷರದಲ್ಲಿ ಸಹಿ ಮಾಡಿದಳು. ಹೊಸ ನರ್ಸು ತಳ್ಳುಮಂಚ ತರಲು ಓಡಿದಳು. ಫೋನನ್ನು ವಾಪಸು ಕೇಳಿದರೆ ಅಜ್ಜಿ ಕೊಡಲಿಲ್ಲ. ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಅಡುಗೆಯವಳ ಜೊತೆ ಮಾತಾಡುತ್ತಲೇ ಇದ್ದಳು. ಮಾತಿನ ನಡುವೆ ತಲೆ ಎತ್ತಿ, ಬೆರಳು ಮಾಡಿ ಕೊಂಬಕ್ಕನನ್ನು ತೋರಿಸಿದಳು.

“ನಿಮ್ಮನ್ನೇ ಕೇಳ್ತಿದ್ದಾರೆ,” ಎಂದರು ಹಲ್ಲಿನ ಡಾಕ್ಟರು. “ಆ ಕನ್ನಡಕದವಳು, ಮಧ್ಯಾಹ್ನ ಬಂದು ನನ್ನ ಹತ್ರ ಜಗಳ ಆಡಿದವಳು. ಬಂದೋರಲ್ಲಿ ನನ್ನ ಮಾತನ್ನ ಕಿವಿಗೊಟ್ಟು ಕೇಳಿದ್ದು ಅವಳೊಬ್ಬಳೇ. ಸೋಮವಾರನೇ ಯಾಕೆ ಬರಲಿಲ್ಲ ಅಂತ ಕೇಳಿ, ಅಂತಿದ್ದಾರೆ.”

ಎಲ್ಲರೂ ಅವಳ ಕಡೆ ತಿರುಗಿದರು. ಕೊಂಬಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

“ಸೋಮವಾರ ನನಗೆ ಎಲ್ಲ ಗೊತ್ತಿತ್ತು, ಕೇಳೋದೇ ಬೇಕಿರಲಿಲ್ಲ,” ಎಂದಳು. “ಹಾಗಂತ ಹೇಳಿ ಅವರಿಗೆ.”

ಹಲ್ಲಿನ ಡಾಕ್ಟರು ಒಂದು ಕ್ಷಣ ಅವಳ ಮುಖ ನೋಡಿ, ಫೋನಿನ ಕಡೆ ಬಾಗಿದರು.